ಪೇಸ್‌ಮೇಕರ್: ತೊಡಕೂ ಚೇತರಿಕೆಯೂ

ಮನೆಯ ಹಿರಿಯರೊಬ್ಬರು ಎದೆಯಲ್ಲಿ ಪೇಸ್‌ಮೇಕರ್ ಇಡಿಸಿಕೊಂಡು ಆಸ್ಪತ್ರೆಯಿಂದ ಹಿಂದಿರುಗಿದರೆ, ನಾಲ್ಕಾರು ದಿನ ಆ ಮನೆಗೆ ಬಂಧುಮಿತ್ರರು ಬಂದುಹೋಗುವುದು ವಾಡಿಕೆ. "ಪುನರ್ಜನ್ಮವಾಯಿತು ಎನ್ನಿ, ಇನ್ನು ಹತ್ತು ವರ್ಷ ಯೋಚನೆಯಿಲ್ಲ" ಎಂದು ಹೇಳಿ, ತಂದ ಹಣ್ಣನ್ನು ಕೈಗಿತ್ತು ಅವರು ಹೊರಡುತ್ತಾರೆ. ಈ ಮಾತು ಸುಳ್ಳಲ್ಲ. ಆದರೆ ಪೂರ್ಣಸತ್ಯವೂ ಅಲ್ಲ. ಯಂತ್ರವನ್ನು ಕೂರಿಸಿದ ದಿನಕ್ಕೆ ಚಿಕಿತ್ಸೆ ಮುಗಿಯಿತೆಂಬ ಭಾವನೆ ನಮ್ಮ ಜನರಲ್ಲಿ ಬೇರೂರಿರುವುದರಿಂದ, ಅನಂತರ ಏನಾದರೂ ತೊಡಕು ತೋರಿದಾಗ ರೋಗಿಯೂ ಅವನ ಮನೆಯವರೂ ಕಂಗೆಡುತ್ತಾರೆ.

ನಮ್ಮ ಬಂಧುಗಳಲ್ಲೊಬ್ಬರಾದ ನಿವೃತ್ತ ಉಪಾಧ್ಯಾಯರಿಗೆ ಹೀಗೆಯೇ ಆಯಿತು. ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ನಡೆದು ಅವರು ಮನೆಗೆ ಬಂದರು. ನಾಲ್ಕನೆಯ ವಾರದಲ್ಲಿ, ಎಡಭುಜದ ಕೆಳಗಿದ್ದ ಗಾಯದ ಸುತ್ತ ಚರ್ಮ ಕೆಂಪೇರಿತು; ಮುಟ್ಟಿದರೆ ಬಿಸಿ ಹತ್ತುತ್ತಿತ್ತು. ಅವರು ಯಾರಿಗೂ ಹೇಳದೆ ಮೇಲೊಂದು ಶಲ್ಯ ಹೊದ್ದು ಕುಳಿತರು. ಸಂಗತಿ ತಿಳಿದ ಮನೆಯಾಕೆ ಅರಿಶಿನದ ಪಟ್ಟು ಹಾಕಿದರು. ಹೀಗೆ ಎರಡು ವಾರ ಕಳೆಯಿತು. ಕಡೆಗೆ, ಕಾಲೇಜಿನಲ್ಲಿ ಓದುತ್ತಿದ್ದ ಮೊಮ್ಮಗ, "ತಾತ, ಈ ಸೆಕೆಯಲ್ಲೂ ಶಲ್ಯವೇಕೆ? ಸ್ವಲ್ಪ ತೆಗೆಯಿರಿ, ನೋಡೋಣ" ಎಂದು ಹಟ ಹಿಡಿದದ್ದರಿಂದ ಗುಟ್ಟು ಹೊರಬಿತ್ತು. ಮರುದಿನ ಆಸ್ಪತ್ರೆಗೆ ಕರೆದೊಯ್ದಾಗ, ಯಂತ್ರವನ್ನೂ ಅದರ ತಂತಿಯನ್ನೂ ಹೊರತೆಗೆಯದೆ ಬೇರೆ ದಾರಿಯಿಲ್ಲವೆಂದು ವೈದ್ಯರು ತೀರ್ಮಾನಿಸಿದರು. ಕೆಲವು ವಾರಗಳ ಔಷಧೋಪಚಾರದ ಬಳಿಕ ಬಲಗಡೆಯಲ್ಲಿ ಹೊಸ ಯಂತ್ರವನ್ನಿಟ್ಟರು. ಈಗ ಅವರು ದಿನವೂ ಬೆಳಿಗ್ಗೆ ಎರಡು ಮೈಲಿ ನಡೆಯುತ್ತಾರೆ. ಇಷ್ಟು ದಿನ ಏಕೆ ಮುಚ್ಚಿಟ್ಟಿರೆಂದು ನಾವು ಕೇಳಿದಾಗ ಅವರು ಕೊಟ್ಟ ಉತ್ತರವಿದು: "ಮಗ ಸಾಲ ಮಾಡಿ ಹಾಕಿಸಿದ ಯಂತ್ರ. ಅದು ಕೆಟ್ಟಿತೆಂದು ಯಾವ ಬಾಯಲ್ಲಿ ಹೇಳಲಿ?"

ಈ ಒಂದು ಮಾತೇ ನಮ್ಮನ್ನು ಬರೆಯಲು ಪ್ರೇರಿಸಿತು. ಪೇಸ್‌ಮೇಕರಿನ ತೊಡಕುಗಳು ರೋಗಿಯ ತಪ್ಪಲ್ಲ, ಅವನ ಹಣೆಬರಹವೂ ಅಲ್ಲ. ಬಹುತೇಕ ಸಂದರ್ಭಗಳಲ್ಲಿ ವೈದ್ಯನ ಅಪರಾಧವೂ ಅಲ್ಲ. ಅವು ಕಾರಣ ತಿಳಿದಿರುವ, ಪರಿಹಾರವೂ ತಿಳಿದಿರುವ ಘಟನೆಗಳು. ಅವುಗಳಿಂದ ಚೇತರಿಸಿಕೊಳ್ಳುವ ದಾರಿಗೆ ಅಡ್ಡ ಬರುವ ಮುಖ್ಯ ಶತ್ರು ಮೌನ. ಆ ಮೌನವನ್ನು ಮುರಿಯಬೇಕೆಂಬುದೇ ನಮ್ಮ ವಾದ.

ಹೃದಯದ ತಾಳ

ವಾದವನ್ನು ಮುಂದುವರಿಸುವ ಮೊದಲು ಯಂತ್ರದ ಕೆಲಸವನ್ನು ಸಂಕ್ಷೇಪವಾಗಿ ತಿಳಿಯುವುದು ಒಳ್ಳೆಯದು. ಹೃದಯವು ನಿಮಿಷಕ್ಕೆ ಸುಮಾರು ೭೨ ಸಲ, ಎಂದರೆ ದಿನಕ್ಕೆ ಒಂದು ಲಕ್ಷಕ್ಕೂ ಮಿಕ್ಕಿ ಮಿಡಿಯುತ್ತದೆ. ಈ ಮಿಡಿತಕ್ಕೆ ಬೇಕಾದ ವಿದ್ಯುತ್ಪ್ರೇರಣೆ ಹೃದಯದೊಳಗೇ ಹುಟ್ಟುತ್ತದೆ. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ, ಬರಿಗಣ್ಣಿಗೆ ಸುಲಭವಾಗಿ ಗೋಚರಿಸದ ಒಂದು ಪುಟ್ಟ ಗಂಟು ಇದೆ. ಅದನ್ನು ೧೯೦೭ರಲ್ಲಿ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ ಎಂಬ ಬ್ರಿಟಿಷ್ ವಿಜ್ಞಾನಿಗಳು ವಿವರಿಸಿದರು. ಹೃತ್ಕರ್ಣದಿಂದ ಕೆಳಗಿನ ಹೃತ್ಕುಕ್ಷಿಗಳಿಗೆ ಪ್ರೇರಣೆಯನ್ನು ದಾಟಿಸುವ ಎರಡನೆಯ ಗಂಟನ್ನು ಅದಕ್ಕೆ ಒಂದು ವರ್ಷ ಮೊದಲೇ ಜಪಾನಿನ ಸೂನಾವೊ ತವಾರ ವರ್ಣಿಸಿದ್ದನು. ಕಛೇರಿಯಲ್ಲಿ ತಾಳ ಹಿಡಿದವನ ಕೈಯನ್ನು ನೋಡಿ ಉಳಿದವರು ನುಡಿಸುವಂತೆ, ಮೇಲಿನ ಗಂಟಿನ ಗತಿಯನ್ನು ಹೃದಯದ ಉಳಿದ ಭಾಗಗಳು ಅನುಸರಿಸುತ್ತವೆ.

ವಯಸ್ಸಿನಿಂದಲೋ ರೋಗದಿಂದಲೋ ಈ ಗಂಟು ಸೋತರೆ, ಅಥವಾ ನಡುವಣ ದಾರಿ ಮುಚ್ಚಿಹೋದರೆ, ಹೃದಯದ ಗತಿ ನಿಮಿಷಕ್ಕೆ ೩೦–೪೦ಕ್ಕೆ ಇಳಿಯಬಹುದು. ಕೆಲವು ಕ್ಷಣ ನಿಂತೇ ಹೋಗಬಹುದು. ಮಿದುಳಿಗೆ ರಕ್ತ ಸಾಲದೆ ರೋಗಿ ನಿಂತಲ್ಲಿಯೇ ಎಚ್ಚರದಪ್ಪಿ ಬೀಳುತ್ತಾನೆ. ೧೯ನೆಯ ಶತಮಾನದಲ್ಲಿ ಡಬ್ಲಿನ್ ನಗರದ ವೈದ್ಯರಾದ ರಾಬರ್ಟ್ ಆಡಮ್ಸ್ ಮತ್ತು ವಿಲಿಯಂ ಸ್ಟೋಕ್ಸ್ ಇಂಥ ರೋಗಿಗಳನ್ನು ವರ್ಣಿಸಿದರು. ಈ ಮೂರ್ಛೆ ಇಂದಿಗೂ ಅವರ ಹೆಸರಿನಲ್ಲಿಯೇ ಇದೆ.

ಪೇಸ್‌ಮೇಕರ್ ಈ ಕೊರತೆಯನ್ನು ತುಂಬುವ ಸಾಧನ. ಬೆಂಕಿಪೊಟ್ಟಣಕ್ಕಿಂತ ಹೆಚ್ಚು ದೊಡ್ಡದಲ್ಲದ ಲೋಹದ ಕೋಶದಲ್ಲಿ ಒಂದು ಬ್ಯಾಟರಿಯೂ ಒಂದು ವಿದ್ಯುನ್ಮಂಡಲವೂ ಇರುತ್ತವೆ. ಅದನ್ನು ಭುಜದೆಲುಬಿನ ಕೆಳಗೆ, ಚರ್ಮದಡಿಯಲ್ಲಿ ಚೀಲದಂತೆ ಬಿಡಿಸಿದ ಜಾಗದಲ್ಲಿ ಇಡುತ್ತಾರೆ. ಅದರಿಂದ ಹೊರಟ ಒಂದೋ ಎರಡೋ ತಂತಿಗಳು ರಕ್ತನಾಳದೊಳಗೆ ಸಾಗಿ ಹೃದಯದ ಬಲಭಾಗವನ್ನು ಮುಟ್ಟುತ್ತವೆ. ಯಂತ್ರವು ಸದಾ ಹೃದಯದ ಗತಿಯನ್ನು ಗಮನಿಸುತ್ತಿದ್ದು, ತಾಳ ತಪ್ಪಿದಾಗ ಮಾತ್ರ ತಾನು ತಟ್ಟುತ್ತದೆ. ಆ ತಟ್ಟು ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗವೂ ಇರದ ಕಿರು ವಿದ್ಯುತ್ಸ್ಪಂದನ. ಸಾಮಾನ್ಯವಾಗಿ ರೋಗಿಗೆ ಅದು ತಿಳಿಯುವುದೇ ಇಲ್ಲ.

ಮೊದಲ ರೋಗಿಯ ಪಾಠ

ದೇಹದೊಳಗೆ ಸಂಪೂರ್ಣವಾಗಿ ಇಡಲಾದ ಮೊಟ್ಟಮೊದಲ ಪೇಸ್‌ಮೇಕರಿನ ಕಥೆಯೇ ತೊಡಕಿನ ಕಥೆಯೆಂಬುದನ್ನು ವಾಚಕರು ಗಮನಿಸಬೇಕು. ಸ್ವೀಡನ್ನಿನ ಆರ್ನೆ ಲಾರ್ಸನ್ ಎಂಬ ೪೩ ವರ್ಷದ ಎಂಜಿನಿಯರನ ಹೃದಯದ ವಿದ್ಯುನ್ಮಾರ್ಗ ಸೋಂಕೊಂದರ ಫಲವಾಗಿ ಕೆಟ್ಟುಹೋಗಿತ್ತು. ದಿನಕ್ಕೆ ಇಪ್ಪತ್ತು ಮೂವತ್ತು ಸಲ ಅವನು ಮೂರ್ಛೆಹೋಗುತ್ತಿದ್ದನು. ಅವನ ಪತ್ನಿ ಎಲ್ಸೆ-ಮರೀ ಕೈಕಟ್ಟಿ ಕೂರದೆ, ಶಸ್ತ್ರವೈದ್ಯ ಓಕೆ ಸೆನ್ನಿಂಗನನ್ನೂ, ವೈದ್ಯಶಿಕ್ಷಣ ಪಡೆದು ಎಂಜಿನಿಯರನಾಗಿದ್ದ ರೂನೆ ಎಲ್ಮ್‌ಕ್ವಿಸ್ಟನನ್ನೂ ಬಿಡದೆ ಒತ್ತಾಯಿಸಿದಳು. ಮನುಷ್ಯನಿಗೆ ಇಡುವಂಥ ಯಂತ್ರ ಅವರಲ್ಲಿ ಆಗಿನ್ನೂ ಸಿದ್ಧವಾಗಿರಲಿಲ್ಲ. ಎಲ್ಮ್‌ಕ್ವಿಸ್ಟನು ಬೂಟುಪಾಲಿಷಿನ ಡಬ್ಬಿಯನ್ನು ಅಚ್ಚಾಗಿ ಬಳಸಿ, ಕೃತಕ ರಾಳದಲ್ಲಿ ವಿದ್ಯುನ್ಮಂಡಲವನ್ನು ಎರಕಹೊಯ್ದನು. ೧೯೫೮ರ ಅಕ್ಟೋಬರ್ ೮ರಂದು ಸ್ಟಾಕ್‌ಹೋಮಿನ ಕರೋಲಿನ್‌ಸ್ಕಾ ಆಸ್ಪತ್ರೆಯಲ್ಲಿ ಸೆನ್ನಿಂಗನು ಅದನ್ನು ಲಾರ್ಸನ್ನನ ದೇಹದಲ್ಲಿ ಇಟ್ಟನು.

ಆ ಯಂತ್ರ ಕೆಲವೇ ಗಂಟೆಗಳಲ್ಲಿ ನಿಂತುಹೋಯಿತು. ಎರಡನೆಯದನ್ನು ಜೋಡಿಸಿದರು; ಅದೂ ಬಹುಕಾಲ ಬಾಳಲಿಲ್ಲ. ಆ ಕಾಲದ ತಂತಿಗಳು ಹೃದಯದ ಎಡೆಬಿಡದ ಚಲನೆಗೆ ಸಿಕ್ಕಿ ಮುರಿಯುತ್ತಿದ್ದವು. ಬ್ಯಾಟರಿಗಳು ಬೇಗ ಬರಿದಾಗುತ್ತಿದ್ದವು. ಅವನ ಜೀವಮಾನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಯಂತ್ರಗಳು ಒಂದಾದ ಮೇಲೊಂದರಂತೆ ಬದಲಾದವು. ಆದರೆ ಪ್ರತಿಯೊಂದು ವಿಫಲತೆಯೂ ಒಂದೊಂದು ಪ್ರಶ್ನೆಯನ್ನು ಮುಂದಿಟ್ಟಿತು. ತಂತಿ ಏಕೆ ಮುರಿಯಿತು? ರಾಳದೊಳಕ್ಕೆ ತೇವ ಹೇಗೆ ಹೊಕ್ಕಿತು? ಬ್ಯಾಟರಿ ಏಕೆ ಬಾಳಲಿಲ್ಲ? ಬಳುಕುವ ತಂತಿಗಳೂ, ಬೆಸುಗೆಹಾಕಿ ಮುಚ್ಚಿದ ಲೋಹದ ಕವಚವೂ, ೧೯೭೦ರ ದಶಕದಲ್ಲಿ ಬಂದ ಲಿಥಿಯಂ ಬ್ಯಾಟರಿಯೂ ಇಂಥ ಪ್ರಶ್ನೆಗಳಿಗೆ ದೊರೆತ ಉತ್ತರಗಳು. ೧೯೫೮ರ ಆ ರಾತ್ರಿಯ ವಿಫಲತೆಯನ್ನು ನಾಚಿಕೆಯಿಂದ ಮುಚ್ಚಿಟ್ಟಿದ್ದರೆ ಇಂದಿನ ಯಂತ್ರ ನಮಗೆ ದೊರೆಯುತ್ತಿತ್ತೆ?

ತೊಡಕುಗಳ ಪರಿಚಯ

ಡೆನ್ಮಾರ್ಕಿನಲ್ಲಿ ಇಂಥ ಯಂತ್ರಗಳನ್ನು ಇಡಿಸಿಕೊಂಡ ಎಲ್ಲರ ದಾಖಲೆಯನ್ನು ೧೯೮೨ರಿಂದಲೂ ಇಡುತ್ತಾ ಬಂದಿದ್ದಾರೆ. ೨೦೧೦–೧೧ರ ರೋಗಿಗಳನ್ನು ಅಲ್ಲಿ ಪರಿಶೀಲಿಸಿದಾಗ, ಮೊದಲ ಆರು ತಿಂಗಳಲ್ಲಿ ನೂರಕ್ಕೆ ಒಂಬತ್ತು ಹತ್ತು ಮಂದಿಗೆ ಸಣ್ಣದೋ ದೊಡ್ಡದೋ ಒಂದು ತೊಡಕು ಉಂಟಾಗಿತ್ತೆಂದು ತಿಳಿದುಬಂದಿತು. ಉಳಿದ ತೊಂಬತ್ತು ಮಂದಿ ನಿರಾತಂಕವಾಗಿದ್ದರು. ಈ ಎರಡು ಅಂಕಿಗಳನ್ನೂ ಒಟ್ಟಿಗೇ ನೆನಪಿಡಬೇಕು.

ಮೊದಲ ದಿನಗಳಲ್ಲಿ ತೋರತಕ್ಕ ತೊಡಕುಗಳಲ್ಲಿ ಒಂದು ಶ್ವಾಸಕೋಶಕ್ಕೆ ಸಂಬಂಧಿಸಿದ್ದು. ತಂತಿಯನ್ನು ತೂರಿಸಲು ಚುಚ್ಚುವ ರಕ್ತನಾಳ ಶ್ವಾಸಕೋಶದ ತುದಿಗೆ ಬಲು ಸಮೀಪದಲ್ಲಿದೆ. ಸೂಜಿ ಅದನ್ನು ತಾಕಿದರೆ ಗಾಳಿ ಹೊರಸೋರಿ ಶ್ವಾಸಕೋಶ ಕುಗ್ಗುತ್ತದೆ. ಸೋರಿಕೆ ಅಲ್ಪವಾದರೆ ದೇಹವೇ ಆ ಗಾಳಿಯನ್ನು ಹೀರಿಕೊಳ್ಳುತ್ತದೆ. ಹೆಚ್ಚಾದರೆ ಕೊಳವೆಯ ಮೂಲಕ ಅದನ್ನು ಹೊರತೆಗೆಯುತ್ತಾರೆ. ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಶ್ವಾಸಕೋಶ ಮತ್ತೆ ಹಿಗ್ಗುತ್ತದೆ.

ಎರಡನೆಯದು, ಯಂತ್ರವಿಟ್ಟ ಜಾಗದಲ್ಲಿ ರಕ್ತ ಕಟ್ಟುವುದು. ರಕ್ತ ಹೆಪ್ಪುಗಟ್ಟದಿರಲು ಮಾತ್ರೆ ಸೇವಿಸುವವರಲ್ಲಿ ಇದು ಹೆಚ್ಚು. ಊತ ಕಂಡ ಕೂಡಲೆ ಸೂಜಿ ಚುಚ್ಚಿ ರಕ್ತ ತೆಗೆಸಬೇಕೆಂದು ಕೆಲವರಿಗೆ ಅನಿಸುತ್ತದೆ. ವೈದ್ಯರು ಅದಕ್ಕೆ ಒಪ್ಪುವುದಿಲ್ಲ. ಏಕೆಂದರೆ ಆ ಸೂಜಿಯ ದಾರಿಯಲ್ಲಿಯೇ ರೋಗಾಣುಗಳು ಒಳಹೊಗಬಹುದು. ಬಹುಪಾಲು ಊತಗಳು ತಾಳ್ಮೆಯಿಂದಲೇ ಇಳಿಯುತ್ತವೆ.

ಮೂರನೆಯದು, ತಂತಿ ಜಾರುವುದು. ತಂತಿಯ ತುದಿಯಲ್ಲಿ ಪುಟ್ಟ ತಿರುಪೋ ಕೊಕ್ಕೆಯೋ ಇದ್ದರೂ, ಅದರ ಸುತ್ತ ಅಂಗಾಂಶ ಬೆಳೆದು ಭದ್ರವಾಗಲು ಕೆಲವು ವಾರಗಳು ಬೇಕು. ಆದುದರಿಂದಲೇ ಆ ಕಡೆಯ ತೋಳನ್ನು ಕೆಲವು ವಾರ ಭುಜಕ್ಕಿಂತ ಮೇಲೆ ಎತ್ತಬಾರದು, ಭಾರ ಹೊರಬಾರದು ಎಂಬ ನಿಯಮ. ತಂತಿ ಜಾರಿದರೆ ಹಳೆಯ ತಲೆಸುತ್ತು ಮರಳಿ ಬರುತ್ತದೆ. ಕೆಲವೊಮ್ಮೆ ನಿಲ್ಲದ ಬಿಕ್ಕಳಿಕೆಯೂ ಹತ್ತುತ್ತದೆ, ಏಕೆಂದರೆ ಅಲೆದ ತಂತಿಯ ವಿದ್ಯುತ್ತು ವಪೆಯನ್ನು ತಟ್ಟುತ್ತಿರುತ್ತದೆ. ತಂತಿಯನ್ನು ಮತ್ತೆ ಸರಿಯಾದ ಜಾಗದಲ್ಲಿ ಕೂರಿಸುವುದೇ ಇದಕ್ಕೆ ಪರಿಹಾರ. ಆದರೆ ಈ ನಿಯಮವನ್ನು ಅತಿಯಾಗಿ ಪಾಲಿಸಿ, ತೋಳನ್ನು ಅಲುಗಿಸದೆ ತಿಂಗಳುಗಟ್ಟಲೆ ಎದೆಗವಚಿಕೊಂಡಿರುವವರೂ ಉಂಟು. ಅವರ ಭುಜದ ಕೀಲು ಬಿಗಿದು ಮತ್ತೊಂದು ನೋವು ಪ್ರಾರಂಭವಾಗುತ್ತದೆ. ಭುಜದ ಮಟ್ಟಕ್ಕೆ ಕೆಳಗೆ ಕೈಯನ್ನು ಮೆಲ್ಲಗೆ ಆಡಿಸುತ್ತಿರುವುದು ಲೇಸು.

ಇನ್ನೊಂದು ವಿಚಿತ್ರ ತೊಡಕನ್ನು ೧೯೬೮ರಲ್ಲಿ ಕೆನಡಾದ ವೈದ್ಯರು ವರದಿಮಾಡಿದರು. ಕೆಲವು ರೋಗಿಗಳು ತಮಗರಿಯದೆಯೇ ಚರ್ಮದಡಿಯ ಯಂತ್ರವನ್ನು ಬೆರಳಿನಿಂದ ತಿರುಗಿಸುತ್ತಾ ಇರುತ್ತಾರೆ. ರಾಟೆಗೆ ನೂಲು ಸುತ್ತುವಂತೆ ತಂತಿ ಯಂತ್ರಕ್ಕೆ ಸುತ್ತಿಕೊಂಡು ಹೃದಯದಿಂದ ಕಿತ್ತುಬರುತ್ತದೆ. ಗಾಯದ ಮೇಲೆ ಕೈಯಾಡಿಸುವ ಚಾಳಿ ಎಷ್ಟು ಅಪಾಯಕಾರಿಯೆಂಬುದಕ್ಕೆ ಇದೇ ನಿದರ್ಶನ.

ಬಲು ವಿರಳವಾಗಿ ತಂತಿಯ ತುದಿ ಹೃದಯದ ಗೋಡೆಯನ್ನೇ ತೂರುವುದುಂಟು. ಎದೆನೋವು, ಉಬ್ಬಸ, ಕಣ್ಣುಕತ್ತಲೆ ಒಟ್ಟಿಗೆ ಬಂದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಧಾವಿಸಬೇಕು.

ಯಂತ್ರವನ್ನೇ ಏಕೆ ತೆಗೆಯಬೇಕು?

ಎಲ್ಲ ತೊಡಕುಗಳಲ್ಲಿ ನಮ್ಮ ಜನ ತಪ್ಪಾಗಿ ತಿಳಿಯುವುದು ಸೋಂಕನ್ನು. ಅದು ನೂರರಲ್ಲಿ ಒಬ್ಬಿಬ್ಬರಿಗೆ ತಗಲುತ್ತದೆ. ಚರ್ಮ ಕೆಂಪಾಗುವುದು, ಬಿಸಿಯಾಗುವುದು, ಊದುವುದು, ಕೀವು ಸೋರುವುದು, ಕಾರಣವಿಲ್ಲದೆ ಜ್ವರ ಬರುವುದು ಅದರ ಲಕ್ಷಣಗಳು. ಕೆಲವೊಮ್ಮೆ ಅದು ತಿಂಗಳುಗಳ, ವರ್ಷಗಳ ಬಳಿಕವೂ ತಲೆದೋರಬಹುದು. "ಔಷಧಿ ಕೊಟ್ಟು ವಾಸಿಮಾಡಬಾರದೆ? ಜೀವ ಉಳಿಸಿದ ಯಂತ್ರವನ್ನೇ ಕಿತ್ತುಹಾಕಬೇಕೆ?" ಎಂದು ರೋಗಿಯ ಮನೆಯವರು ಕೇಳುವುದು ಸಹಜ.

ಉತ್ತರವನ್ನು ಕಲ್ಯಾಣಿಯ ಮೆಟ್ಟಿಲಿನ ಮೇಲಿನ ಪಾಚಿಯನ್ನು ನೋಡಿ ತಿಳಿಯಬಹುದು. ನೀರನ್ನು ಎಷ್ಟು ಬದಲಾಯಿಸಿದರೂ ಕಲ್ಲಿಗೆ ಅಂಟಿದ ಲೋಳೆ ಹೋಗುವುದಿಲ್ಲ. ಹಾಗೆಯೇ ಬ್ಯಾಕ್ಟೀರಿಯಗಳು ಯಂತ್ರದ ಮೈಗೂ ತಂತಿಗೂ ಅಂಟಿ, ತಮ್ಮ ಸುತ್ತ ಒಂದು ಲೋಳೆಯ ಪೊರೆಯನ್ನು ಕಟ್ಟಿಕೊಳ್ಳುತ್ತವೆ. ಔಷಧವನ್ನೂ ಬಿಳಿರಕ್ತಕಣಗಳನ್ನೂ ಹೊತ್ತೊಯ್ಯುವುದು ರಕ್ತ, ಲೋಹದೊಳಗೆ ರಕ್ತನಾಳಗಳಿಲ್ಲ. ಆದುದರಿಂದ ಔಷಧದಿಂದ ಜ್ವರ ಇಳಿದರೂ ಬೇರು ಉಳಿಯುತ್ತದೆ; ಔಷಧ ನಿಲ್ಲಿಸಿದೊಡನೆ ರೋಗ ಮರುಕಳಿಸುತ್ತದೆ. ತಂತಿಯ ಗುಂಟ ಹಬ್ಬಿ ಹೃದಯದ ಕವಾಟಗಳನ್ನು ಮುಟ್ಟಿದರೆ ಪ್ರಾಣಕ್ಕೇ ಸಂಚಕಾರ. ಆದಕಾರಣ ಯಂತ್ರವನ್ನೂ ತಂತಿಗಳನ್ನೂ ಪೂರ್ತಿಯಾಗಿ ತೆಗೆಯುವುದು, ಅಗತ್ಯವಿದ್ದರೆ ತಾತ್ಕಾಲಿಕ ತಂತಿಯಿಂದ ಹೃದಯವನ್ನು ನಡೆಸುವುದು, ಸೋಂಕು ಅಳಿದುದನ್ನು ಖಚಿತಪಡಿಸಿಕೊಂಡು ಬೇರೆ ಕಡೆಯಲ್ಲಿ ಹೊಸತನ್ನು ಇಡುವುದು, ಇದೇ ಕ್ರಮ. ಇದು ಸೋಲಲ್ಲ; ಚಿಕಿತ್ಸೆಯ ಒಂದು ಘಟ್ಟ. ಆದರೆ ಹಳೆಯ ತಂತಿಗೆ ಅಂಗಾಂಶ ಬೆಸೆದುಕೊಂಡಿರುವುದರಿಂದ ಅದನ್ನು ಬಿಡಿಸುವ ಕೆಲಸಕ್ಕೆ ಪಳಗಿದ ಕೈ ಬೇಕು. ಸೋಂಕು ಹಬ್ಬುವ ಮೊದಲೇ ರೋಗಿ ಬಂದರೆ ದಾರಿ ಸುಗಮ. ನಮ್ಮ ಬಂಧುಗಳು ಶಲ್ಯದಡಿಯಲ್ಲಿ ಕಳೆದ ಎರಡು ವಾರ ಅವರ ಪ್ರಾಣವನ್ನೇ ಪಣವಾಗಿಟ್ಟಿತ್ತು.

ಹೇಳಬೇಕೆ, ಬಾರದೆ?

"ಇದನ್ನೆಲ್ಲ ಮೊದಲೇ ಹೇಳಿದರೆ ರೋಗಿ ಹೆದರಿ ಚಿಕಿತ್ಸೆಯನ್ನೇ ನಿರಾಕರಿಸುತ್ತಾನೆ" ಎಂಬ ಆಕ್ಷೇಪವನ್ನು ನಾವು ಅನೇಕರಿಂದ ಕೇಳಿದ್ದೇವೆ. ಈ ಆಕ್ಷೇಪದಲ್ಲಿ ಕರುಣೆಯಿದೆ, ವಿವೇಕವಿಲ್ಲ. ಹೊಳೆ ದಾಟುವವನಿಗೆ ಮಡುವೆಲ್ಲಿದೆಯೆಂದು ಅಂಬಿಗ ಹೇಳುವುದು ಅವನನ್ನು ದಡದಲ್ಲಿಯೇ ನಿಲ್ಲಿಸುವುದಕ್ಕಲ್ಲ. ಗೊತ್ತಿದ್ದ ಅಪಾಯಕ್ಕಿಂತ ಗೊತ್ತಿಲ್ಲದ ಅಪಾಯವೇ ಮನುಷ್ಯನನ್ನು ಹೆಚ್ಚು ಹೆದರಿಸುತ್ತದೆ. ತೊಡಕು ಬರಬಹುದೆಂದು ತಿಳಿದಿದ್ದವನು, ಅದು ಬಂದಾಗ "ಇದು ಅದೇ" ಎಂದು ಗುರುತಿಸಿ ವೈದ್ಯನ ಬಳಿಗೆ ಹೋಗುತ್ತಾನೆ. ತಿಳಿಯದವನು ತನಗೊಬ್ಬನಿಗೇ ಹೀಗಾಯಿತೆಂದು ಕೊರಗುತ್ತಾನೆ. ದೈವವನ್ನೋ ವೈದ್ಯನನ್ನೋ ತನ್ನನ್ನೋ ದೂಷಿಸುತ್ತಾನೆ.

ಎರಡನೆಯ ಶಸ್ತ್ರಚಿಕಿತ್ಸೆಯನ್ನು ಎದುರಿಸಿದವರ ಮನಸ್ಸಿನ ಗಾಯವನ್ನೂ ಮರೆಯುವಂತಿಲ್ಲ. ಪ್ರತಿ ಮಿಡಿತವನ್ನೂ ಎಣಿಸುತ್ತಾ ಮಲಗುವವರು, ಒಬ್ಬರೇ ಸ್ನಾನದ ಮನೆಗೆ ಹೋಗಲು ಅಂಜುವವರು ಎಷ್ಟೋ ಮಂದಿ. ದೇಹದ ಗಾಯ ಮಾಗಿದ ಮೇಲೂ ಈ ಅಂಜಿಕೆ ತಿಂಗಳುಗಟ್ಟಲೆ ಉಳಿಯಬಹುದು. ಅದನ್ನು ಹೇಡಿತನವೆಂದು ಹಳಿಯದೆ ಚೇತರಿಕೆಯ ಒಂದು ಅಂಗವೆಂದೇ ಎಣಿಸಿ, ದಿನಕ್ಕೆ ನಾಲ್ಕು ಹೆಜ್ಜೆ ಹೆಚ್ಚಾಗಿ ನಡೆಯಲು ಅವರ ಜೊತೆಗಿರುವುದೇ ಮನೆಯವರು ಮಾಡತಕ್ಕ ಉಪಕಾರ.

ಹೀಗಿರುವಲ್ಲಿ ನಾವು ಸೂಚಿಸುವುದು ಮೂರು ವಿಷಯಗಳನ್ನು. ಒಂದು, ಆಸ್ಪತ್ರೆಯಿಂದ ಹೊರಡುವ ರೋಗಿಯ ಕೈಗೆ ಕೊಡುವ ಸೂಚನಾಪತ್ರ ಅವನು ಓದಬಲ್ಲ ಭಾಷೆಯಲ್ಲಿರಬೇಕು. ನಮ್ಮ ಬಂಧುಗಳಿಗೆ ಕೊಟ್ಟ ಕಾಗದಗಳ ಕೊನೆಯ ಪುಟದಲ್ಲಿ "ಗಾಯ ಕೆಂಪಾದರೆ ಕೂಡಲೆ ಬನ್ನಿ" ಎಂಬ ಸೂಚನೆ ಇದ್ದೇ ಇತ್ತು; ಆದರೆ ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರಗಳಲ್ಲಿ. ನಲವತ್ತು ವರ್ಷ ಕನ್ನಡ ಪಾಠ ಹೇಳಿದವರಿಗೆ ಅವರ ಪ್ರಾಣದ ವಿಷಯವನ್ನು ಕನ್ನಡದಲ್ಲಿ ತಿಳಿಸಲಾಗದೆ? ಎರಡು, ತೊಡಕು ಬಂದರೆ ತಗಲುವ ವೆಚ್ಚವೇನು, ಅದನ್ನು ಯಾರು ಭರಿಸಬೇಕು ಎಂಬುದು ಮೊದಲೇ ನಿಚ್ಚಳವಾಗಿರಬೇಕು. ಸಾಲದ ಭಯವೇ ಅನೇಕರ ಬಾಯಿ ಕಟ್ಟುತ್ತದೆ. ಮೂರು, ಆಸ್ಪತ್ರೆಗಳು ತಮ್ಮಲ್ಲಾದ ತೊಡಕುಗಳನ್ನು ಲೆಕ್ಕವಿಟ್ಟು ಪ್ರಕಟಿಸಬೇಕು. ಎಣಿಸದ ತಪ್ಪನ್ನು ಯಾರೂ ತಿದ್ದಲಾರರು.

ವಿದ್ಯಾರ್ಥಿಗಳ ಪಾತ್ರ

ವಿದ್ಯಾರ್ಥಿಮಿತ್ರರು ಇದು ವೈದ್ಯರ, ವೃದ್ಧರ ವಿಷಯವೆಂದು ಪುಟ ಮಗುಚದಿರಲಿ. ಎಷ್ಟೋ ಮನೆಗಳಲ್ಲಿ ಆಸ್ಪತ್ರೆಯ ಕಾಗದವನ್ನು ಓದಿ ಹೇಳಬಲ್ಲವರು ನೀವೇ. ಯಂತ್ರದ ವಿವರವಿರುವ ಚೀಟಿಯನ್ನು ಹಿರಿಯರು ಸದಾ ಜೇಬಿನಲ್ಲಿಟ್ಟುಕೊಳ್ಳುವಂತೆ ನೋಡಿಕೊಳ್ಳಿ. ಮೊಬೈಲನ್ನು ಯಂತ್ರವಿರುವ ಕಡೆಯ ಜೇಬಿನಲ್ಲಿ ಇಡದೆ ಆರು ಅಂಗುಲವಾದರೂ ದೂರವಿಡಬೇಕು. ಇಂಡಕ್ಷನ್ ಒಲೆಯಿಂದ ಎರಡು ಅಡಿ ದೂರ ನಿಲ್ಲಬೇಕು. ಸ್ಕ್ಯಾನಿಂಗ್ ಮಾಡಿಸುವಾಗ ಪೇಸ್‌ಮೇಕರ್ ಇದೆಯೆಂದು ಮೊದಲೇ ತಿಳಿಸಬೇಕು. ತಪಾಸಣೆಯ ದಿನವನ್ನು ನೆನಪಿಸಿರಿ. ಎಲ್ಲಕ್ಕೂ ಮಿಗಿಲಾಗಿ, ಕೇಳಲು ಸಂಕೋಚಪಡಬೇಡಿರಿ. "ತಾತ, ಶಲ್ಯವೇಕೆ?" ಎಂದು ಕೇಳಿದ ಆ ಹುಡುಗ ವೈದ್ಯಶಾಸ್ತ್ರ ಓದಿದವನಲ್ಲ. ಕಂಡದ್ದನ್ನು ಗಮನಿಸಿದನು, ಕಾರಣವನ್ನು ಕೇಳಿದನು, ಉತ್ತರ ಸಿಗುವವರೆಗೆ ಬಿಡಲಿಲ್ಲ. ವಿಜ್ಞಾನವೆಂಬುದು ಮೊದಲಾಗುವುದು ಅಲ್ಲಿಂದಲೇ.

ಆರ್ನೆ ಲಾರ್ಸನ್ ೨೦೦೧ರ ಡಿಸೆಂಬರಿನಲ್ಲಿ, ತನ್ನ ೮೬ನೆಯ ವಯಸ್ಸಿನಲ್ಲಿ ತೀರಿಕೊಂಡನು. ಅವನಿಗಾಗಿ ಯಂತ್ರ ನಿರ್ಮಿಸಿದ ಎಲ್ಮ್‌ಕ್ವಿಸ್ಟನೂ, ಅದನ್ನು ಇಟ್ಟ ಸೆನ್ನಿಂಗನೂ ಅಷ್ಟರಲ್ಲಾಗಲೇ ಗತಿಸಿದ್ದರು. ಅವನ ಸಾವಿಗೆ ಹೃದಯ ಕಾರಣವಾಗಿರಲಿಲ್ಲ, ಕಾರಣವಾದದ್ದು ಕ್ಯಾನ್ಸರ್. ಮೊದಲ ಯಂತ್ರ ಕೆಲವೇ ಗಂಟೆಗಳಲ್ಲಿ ನಿಂತಾಗ, "ಇಷ್ಟೇ ನಮ್ಮ ಪುಣ್ಯ" ಎಂದು ಆ ದಂಪತಿಗಳೂ ಆ ವೈದ್ಯರೂ ಸುಮ್ಮನಾಗಿದ್ದರೆ ಆ ೪೩ ವರ್ಷಗಳು ಅವನಿಗೆ ಲಭಿಸುತ್ತಿರಲಿಲ್ಲ. ನಮ್ಮ ಮನೆಗಳಲ್ಲಿಯೂ ಶಲ್ಯದಡಿಯಲ್ಲಿ ಅಡಗಿರುವ ಗಾಯಗಳು ಬೆಳಕಿಗೆ ಬರಲಿ. ನಾಚಿಕೆಪಡಬೇಕಾದ ಸಂಗತಿ ಅಲ್ಲಿ ಯಾವುದೂ ಇಲ್ಲ.